ಚಂದ್ರನ ಮೇಲೆ ಇಳಿದಾದ ಮೇಲೆ ನೋಡೋರು ಯಾರು?

2023ರ ಆಗಸ್ಟ್ 23, ಬುಧವಾರ, ಸಂಜೆ 6 ಗಂಟೆ 4 ನಿಮಿಷ. ಆಗ ನೀವು ಎಲ್ಲಿದ್ರಿ, ನೆನಪಿದೆಯಾ? ಬಹಳ ಜನರಿಗೆ ನೆನಪಿರುತ್ತೆ. ಚಂದ್ರಯಾನ-3ರ ವಿಕ್ರಮ್ ಲ್ಯಾಂಡರ್ ಚಂದ್ರನ ದಕ್ಷಿಣ ಧ್ರುವದ ಹತ್ತಿರ ಇಳಿದ ಹೊತ್ತು ಅದು. ಇಸ್ರೋದ ಯೂಟ್ಯೂಬ್ ಚಾನೆಲ್ ಒಂದನ್ನೇ ಆ ಕ್ಷಣದಲ್ಲಿ ಸುಮಾರು 80 ಲಕ್ಷ ಜನ ಲೈವ್ ನೋಡ್ತಿದ್ರು.

ಈಗ ಎರಡನೇ ಪ್ರಶ್ನೆ. ಇಳಿದ ಮೇಲೆ ವಿಕ್ರಮ್ ಮತ್ತು ಪ್ರಜ್ಞಾನ್ ಅಲ್ಲಿ ಏನು ಕಂಡುಹಿಡಿದವು?

ಸುಮ್ಮನಾದ್ರಾ? ಪರವಾಗಿಲ್ಲ, ಮೊದಲು ನಾನೂ ಸುಮ್ಮನಾಗಿದ್ದೆ. ಉತ್ತರ ಕೊನೆಗೆ ಹೇಳ್ತೀನಿ. ಅದಕ್ಕೂ ಮುಂಚೆ 1960ರ ದಶಕದ ಅಮೆರಿಕಕ್ಕೆ ಹೋಗಿಬರೋಣ. ಈ ಮರೆವು ಹೊಸದಲ್ಲ, ಅಲ್ಲೂ ಹೀಗೇ ಆಗಿತ್ತು.

ಅಪೋಲೋ ಅಂದ ತಕ್ಷಣ ನಮ್ಮ ತಲೆಯಲ್ಲಿ ಒಂದು ಚಿತ್ರ ಇದೆ. ಇಡೀ ಅಮೆರಿಕ ಒಂದಾಗಿ, ಟಿವಿ ಮುಂದೆ ಕೂತು, ನೀಲ್ ಆರ್ಮ್‌ಸ್ಟ್ರಾಂಗ್‌ಗೆ ಕೈ ಬೀಸುತ್ತಿರೋ ಚಿತ್ರ. 1969ರ ಜುಲೈ 20ರ ಮಟ್ಟಿಗೆ ಅದು ಹೆಚ್ಚುಕಡಿಮೆ ನಿಜ. ಆದರೆ ಆ ದಶಕದ ಉದ್ದಕ್ಕೂ ನಡೆದ ಅಭಿಪ್ರಾಯ ಸಮೀಕ್ಷೆಗಳನ್ನ ತೆಗೆದು ನೋಡಿದರೆ ಬೇರೆಯದೇ ಕಥೆ ಇದೆ. ‘ಈ ಯೋಜನೆಗೆ ಸುರಿಯುತ್ತಿರೋ ದುಡ್ಡು ಸಾರ್ಥಕವಾ?’ ಅಂತ ಕೇಳಿದಾಗಲೆಲ್ಲ ಹೌದು ಅಂದವರು ಅರ್ಧಕ್ಕಿಂತ ಕಡಿಮೆ. ಚಂದ್ರನ ಮೇಲೆ ಕಾಲಿಟ್ಟ ಆ ತಿಂಗಳಲ್ಲಿ ಮಾತ್ರ ಅದು ಅರ್ಧ ದಾಟಿತು. ಆಗಲೂ ಶೇ. 53 ಅಷ್ಟೇ.

ದುಡ್ಡು ಸಣ್ಣದೇನೂ ಅಲ್ಲ. ಅಪೋಲೋಗೆ ಒಟ್ಟು ಸುಮಾರು 2,500 ಕೋಟಿ ಡಾಲರ್ ಖರ್ಚಾಯ್ತು, ಅದೂ ಆ ಕಾಲದ ಲೆಕ್ಕದಲ್ಲಿ. 1966ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಖರ್ಚು ಮಾಡಿದ ಪ್ರತಿ ನೂರು ಡಾಲರ್‌ನಲ್ಲಿ ನಾಲ್ಕಕ್ಕೂ ಹೆಚ್ಚು ನಾಸಾಗೆ ಹೋಗುತ್ತಿತ್ತು. ಬಿ.ಕಾಂ. ಓದಿದವನು ನಾನು, ಇಂಥ ಅಂಕಿ ಕಂಡರೆ ‘ಯಾರ ಜೇಬಿಂದ?’ ಅನ್ನೋ ಪ್ರಶ್ನೆ ತಾನಾಗೇ ಬರುತ್ತೆ.

ಆ ಪ್ರಶ್ನೆಯನ್ನ ರಾಕೆಟ್ ಎದುರಿಗೇ ಹೋಗಿ ಕೇಳಿದವರೊಬ್ಬರಿದ್ದಾರೆ. ರಾಲ್ಫ್ ಅಬರ್ನಾಥಿ. ಮಾರ್ಟಿನ್ ಲೂಥರ್ ಕಿಂಗ್ ಜೊತೆಗಿದ್ದವರು, ಕಿಂಗ್ ಹತ್ಯೆಯ ನಂತರ ಅವರ ಸಂಘಟನೆಯನ್ನ ಮುನ್ನಡೆಸಿದವರು. ಅಪೋಲೋ 11 ಹಾರೋದಕ್ಕೆ ಒಂದು ದಿನ ಮುಂಚೆ, 1969ರ ಜುಲೈ 15ರಂದು, ಬಡ ಕುಟುಂಬಗಳನ್ನ ಕರ್ಕೊಂಡು, ಹೇಸರಗತ್ತೆ ಎಳೆಯುವ ಗಾಡಿಯ ಜೊತೆ ಫ್ಲೋರಿಡಾದ ಉಡಾವಣಾ ಕೇಂದ್ರಕ್ಕೆ ಬಂದರು. ದೇಶದ ಐದರಲ್ಲಿ ಒಂದು ಪಾಲು ಜನಕ್ಕೆ ಸರಿಯಾದ ಊಟ, ಬಟ್ಟೆ, ಮನೆ, ಔಷಧಿ ಇಲ್ಲ ಅಂದರು.

ನಾಸಾದ ಮುಖ್ಯಸ್ಥ ಥಾಮಸ್ ಪೇನ್ ಹೊರಗೆ ಬಂದು ಅವರ ಮಾತು ಕೇಳಿಸ್ಕೊಂಡರು. ನಾಳೆ ಬಟನ್ ಒತ್ತದೇ ಇದ್ದರೆ ಈ ಕಷ್ಟಗಳೆಲ್ಲ ಪರಿಹಾರ ಆಗುತ್ತೆ ಅನ್ನೋದಾದ್ರೆ ನಾವು ಒತ್ತಲ್ಲ ಅಂದರು. ಗಗನಯಾತ್ರಿಗಳಿಗಾಗಿ ಪ್ರಾರ್ಥನೆ ಮಾಡಿ ಅಂತ ಕೇಳಿಕೊಂಡರು. ಅಬರ್ನಾಥಿ ಒಪ್ಪಿದರು. ಬಂದವರಲ್ಲಿ ಒಂದಷ್ಟು ಜನಕ್ಕೆ ಮರುದಿನ ಉಡಾವಣೆ ನೋಡೋಕೆ ಪಾಸ್ ಕೂಡ ಸಿಕ್ತು. ನನಗೆ ಇದು ಬಹಳ ಮುಖ್ಯ ಅನ್ನಿಸುತ್ತೆ. ಲೆಕ್ಕ ಕೇಳಿದ ಮನುಷ್ಯನೇ ಆ ಮೂವರ ಒಳಿತಿಗೂ ಪ್ರಾರ್ಥಿಸಿದ. ಪ್ರಶ್ನೆ ಕೇಳೋದು ಬೇರೆ, ಹಗೆ ಸಾಧಿಸೋದು ಬೇರೆ.

ಇಳಿದಾಯ್ತು. ಮುಂದೆ? ಆರು ತಿಂಗಳೂ ಕಳೆದಿರಲಿಲ್ಲ, 1970ರ ಜನವರಿಯಲ್ಲಿ ಅಪೋಲೋ 20 ರದ್ದಾಯಿತು. ಏಪ್ರಿಲ್‌ನಲ್ಲಿ ಅಪೋಲೋ 13ರ ಯಾತ್ರಿಗಳು ನೌಕೆಯೊಳಗಿಂದ ಟಿವಿ ಕಾರ್ಯಕ್ರಮ ಕೊಟ್ಟರೆ, ಅಮೆರಿಕದ ಮೂರು ದೊಡ್ಡ ಚಾನೆಲ್‌ಗಳಲ್ಲಿ ಒಂದೂ ಅದನ್ನ ಲೈವ್ ಹಾಕಲಿಲ್ಲ. ಅದು ಮುಗಿದ ಕೆಲವೇ ನಿಮಿಷಕ್ಕೆ ಆಮ್ಲಜನಕದ ಟ್ಯಾಂಕ್ ಸ್ಫೋಟಿಸಿತು. ಆಮೇಲೆ ನೋಡಿ, ಜಗತ್ತೇ ಉಸಿರು ಬಿಗಿಹಿಡಿದು ಕೂತಿತು! ಮೂವರೂ ಬದುಕಿ ವಾಪಸ್ ಬಂದರು. ಜನರ ಗಮನ ಮತ್ತೆ ಕರಗಿತು. ಅದೇ ಸೆಪ್ಟೆಂಬರ್‌ನಲ್ಲಿ ಇನ್ನೆರಡು ಯಾನಗಳಿಗೂ ಕತ್ತರಿ ಬಿತ್ತು.

ಕೊನೆಯದು 1972ರ ಡಿಸೆಂಬರ್‌ನ ಅಪೋಲೋ 17. ಚಂದ್ರನ ಮೇಲೆ ನಡೆದಾಡಿದ 12 ಜನರಲ್ಲಿ ವೃತ್ತಿಯಿಂದ ವಿಜ್ಞಾನಿ ಒಬ್ಬರೇ, ಭೂವಿಜ್ಞಾನಿ ಹ್ಯಾರಿಸನ್ ಸ್ಮಿತ್. ಅವರು ಹೋಗಿದ್ದು ಈ ಕೊನೇ ಟ್ರಿಪ್‌ನಲ್ಲಿ, ಜನ ಎದ್ದು ಹೋದ ಮೇಲೆ! ಅಲ್ಲಿ ಅವರ ಕಣ್ಣಿಗೆ ಕಿತ್ತಳೆ ಬಣ್ಣದ ಮಣ್ಣು ಬಿತ್ತು. 350 ಕೋಟಿ ವರ್ಷಗಳಿಗೂ ಹಿಂದೆ ಚಂದ್ರನ ಮೇಲೆ ಲಾವಾ ಚಿಮ್ಮಿದಾಗ ಆದ ಸಣ್ಣ ಸಣ್ಣ ಗಾಜಿನ ಮಣಿಗಳು ಅವು. ದಶಕಗಳ ನಂತರ ಅದೇ ಮಣಿಗಳನ್ನ ಮತ್ತೆ ಪರೀಕ್ಷೆ ಮಾಡಿದಾಗ ಅವುಗಳಲ್ಲಿ ನೀರಿನ ಅಂಶ ಸಿಕ್ಕಿತು. ಚಂದ್ರ ಪೂರ್ತಿ ಒಣಗಿದ ಕಲ್ಲು ಅನ್ನೋ ನಂಬಿಕೆಯೇ ಅಲುಗಾಡಿತು.

ಹಾಗಾದ್ರೆ ಜನಕ್ಕೆ ವಿಜ್ಞಾನ ಬೋರು, ಥ್ರಿಲ್ ಮಾತ್ರ ಸಾಕು ಅಂತಾನಾ? ಅಷ್ಟು ಸುಲಭ ಇಲ್ಲ. 1997ರ ಜುಲೈ 4ರಂದು ನಾಸಾದ ಪಾತ್‌ಫೈಂಡರ್ ಮಂಗಳನ ಮೇಲೆ ಇಳಿಯಿತು. ಅದರೊಳಗಿಂದ ಹತ್ತೂವರೆ ಕಿಲೋ ತೂಕದ ಆರು ಚಕ್ರದ ಪುಟ್ಟ ರೋವರ್ ಸೋಜರ್ನರ್ ಹೊರಬಂತು. ಈ ಸಲ ಮನುಷ್ಯರಿಲ್ಲ, ಪ್ರಾಣಾಪಾಯ ಇಲ್ಲ. ಆದರೂ ಮೊದಲ ಒಂದು ತಿಂಗಳಲ್ಲಿ ಅದರ ವೆಬ್‌ಸೈಟ್‌ಗೆ ಬಿದ್ದ ಹಿಟ್‌ಗಳು 56 ಕೋಟಿಗೂ ಹೆಚ್ಚು. ಒಂದು ಹಿಟ್ ಅಂದರೆ ಒಬ್ಬ ಮನುಷ್ಯ ಅಂತ ಅಲ್ಲ, ಒಪ್ಕೋತೀನಿ. ಆದ್ರೂ ಡಯಲ್-ಅಪ್ ಕಾಲದಲ್ಲಿ, ಒಂದು ಫೋಟೋ ತೆರೆದುಕೊಳ್ಳೋಕೆ ನಿಮಿಷಗಟ್ಟಲೆ ಕಾಯಬೇಕಿದ್ದ ಕಾಲದಲ್ಲಿ ಇದು ಸಣ್ಣ ಸಂಗತಿಯಾ?

ಅವರು ಮಾಡಿದ್ದು ಇಷ್ಟೇ. ಫೋಟೋಗಳು ಬಂದಂತೆಲ್ಲ ಸೈಟ್‌ಗೆ ಹಾಕಿದರು. ಬಂಡೆಗಳಿಗೆ ಯೋಗಿ, ಸ್ಕೂಬಿ ಡೂ ಅಂತ ಕಾರ್ಟೂನ್ ಹೆಸರಿಟ್ಟರು. ಇವತ್ತು ರೋವರ್ ಯಾವ ಕಲ್ಲಿನ ಹತ್ತಿರ ಹೋಗುತ್ತೆ, ಯಾಕೆ ಹೋಗುತ್ತೆ ಅಂತ ಮನೆಯಲ್ಲಿ ಕೂತವರಿಗೂ ಗೊತ್ತಾಗ್ತಿತ್ತು. ಇಳಿಯೋದನ್ನ ಮಾತ್ರ ಅಲ್ಲ, ಹುಡುಕೋದನ್ನೂ ತೋರಿಸಿದರು. ಏಳು ದಿನಕ್ಕೆ ಅಂತ ಕಳಿಸಿದ ರೋವರ್ ಎಂಬತ್ತಕ್ಕೂ ಹೆಚ್ಚು ದಿನ ದುಡಿಯಿತು. ಓಡಾಡಿದ್ದು ಒಟ್ಟು ನೂರು ಮೀಟರ್ ಚಿಲ್ಲರೆ.

ನಮ್ಮ ಪ್ರಜ್ಞಾನ್ ಓಡಾಡಿದ್ದೂ ನೂರು ಮೀಟರ್ ಚಿಲ್ಲರೆಯೇ. ಆ ನೂರು ಮೀಟರ್‌ನಲ್ಲಿ ಏನಾಯ್ತು ಅನ್ನೋದಕ್ಕಿಂತ, ಇಳಿದ ಆ ಒಂದು ನಿಮಿಷವನ್ನೇ ನಾವು ಇವತ್ತಿಗೂ ಸ್ಟೇಟಸ್‌ಗೆ ಹಾಕ್ತಿದ್ದೀವಿ. ನಮ್ಮವರೂ ಗಗನಯಾನಕ್ಕೆ ತಯಾರಾಗ್ತಿದ್ದಾರೆ. ಹೋಗೋ ದಿನ ದೇಶವೇ ಎದ್ದು ನಿಲ್ಲುತ್ತೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಅಪೋಲೋ ಚರಿತ್ರೆ ಹೇಳೋದು, ಒಂದು ದಿನದ ಚಪ್ಪಾಳೆ ಮುಂದಿನ ಯಾನವನ್ನ ಕಾಪಾಡಲ್ಲ ಅಂತ. ಖರ್ಚೆಷ್ಟು ಅಂತ ಕೇಳೋರು ಬೇಕು. ಸಿಕ್ಕಿದ್ದೇನು ಅಂತ ಕೇಳೋರೂ ಬೇಕು.

ಸರಿ, ಮೊದಲು ಕೇಳಿದ ಪ್ರಶ್ನೆಗೆ ಉತ್ತರ. ಪ್ರಜ್ಞಾನ್‌ಗೆ ಅಲ್ಲಿನ ಮಣ್ಣಲ್ಲಿ ಗಂಧಕ ಸಿಕ್ಕಿತು. ವಿಕ್ರಮ್ ತನ್ನ ಥರ್ಮಾಮೀಟರನ್ನ ನೆಲಕ್ಕೆ ಚುಚ್ಚಿ ನೋಡಿತು. ಮೇಲ್ಮೈಯಲ್ಲಿ ಸುಮಾರು 50 ಡಿಗ್ರಿ ಬಿಸಿ. ಬರೀ 8 ಸೆಂಟಿಮೀಟರ್ ಕೆಳಗೆ, ಅಂದರೆ ನಿಮ್ಮ ಕೈಯಲ್ಲಿರೋ ಮೊಬೈಲಿನ ಅಗಲದಷ್ಟು ಆಳದಲ್ಲಿ, ಸೊನ್ನೆಗಿಂತ 10 ಡಿಗ್ರಿ ಕೆಳಗಿನ ಚಳಿ.

ಇದನ್ನ ಇವತ್ತು ಮನೆಯಲ್ಲಿ ಯಾರಿಗಾದರೂ ಹೇಳಿ. ಮುಂದಿನ ವಾರ ಸಿಗೋಣ.