ಪಥ್ಯದಿಂದ ಶಸ್ತ್ರದವರೆಗೆ: ಬೊಜ್ಜು ಕರಗಿಸುವ ಹಾದಿಯ ಕಥೆ

1863ರಲ್ಲಿ ಲಂಡನ್ನಿನಲ್ಲಿ ಒಂದು ಪುಟ್ಟ ಪುಸ್ತಿಕೆ ಹೊರಬಂದಿತು. ಅದನ್ನು ಬರೆದವನು ವೈದ್ಯನಲ್ಲ, ವಿಜ್ಞಾನಿಯೂ ಅಲ್ಲ. ಶವಸಂಸ್ಕಾರದ ವ್ಯವಸ್ಥೆ ಮಾಡಿಕೊಡುವ ವೃತ್ತಿಯಿಂದ ನಿವೃತ್ತನಾಗಿದ್ದ ವಿಲಿಯಂ ಬ್ಯಾಂಟಿಂಗ್. ಆತನದು ರಾಜಮನೆತನದ ಅಂತ್ಯಕ್ರಿಯೆಗಳನ್ನೂ ನಡೆಸಿಕೊಟ್ಟಿದ್ದ ಹೆಸರಾಂತ ಕುಟುಂಬ. ಐದೂವರೆ ಅಡಿಗೂ ಕಡಿಮೆ ಎತ್ತರದ ಈತ 202 ಪೌಂಡ್, ಅಂದರೆ ಸುಮಾರು 92 ಕಿಲೋ ತೂಗುತ್ತಿದ್ದ. ಬಗ್ಗಿ ಬೂಟಿನ ದಾರ ಕಟ್ಟಿಕೊಳ್ಳುವುದು ಆಗದು. ಮಹಡಿಯಿಂದ ಇಳಿಯಬೇಕಾದರೆ ಬೆನ್ನು ಮುಂದೆ ಮಾಡಿ ಒಂದೊಂದೇ ಮೆಟ್ಟಿಲು ಇಳಿಯಬೇಕು.

ಬ್ಯಾಂಟಿಂಗ್ ಸೋಮಾರಿಯಾಗಿರಲಿಲ್ಲ. ವೈದ್ಯರ ಮಾತು ಕೇಳಿ ಬೆಳಗಿನ ಹೊತ್ತು ಗಂಟೆಗಟ್ಟಲೆ ದೋಣಿಯ ಹುಟ್ಟು ಹಾಕಿದ. ತೋಳಿಗೆ ಕಸುವು ಬಂದಿತು, ಜೊತೆಗೆ ಹಸಿವೂ ಹೆಚ್ಚಿತು. ತೂಕ ಮಾತ್ರ ಇಳಿಯಲಿಲ್ಲ. ಐವತ್ತು ಬಾರಿ ಹಬೆಸ್ನಾನ ಮಾಡಿದ; ಕರಗಿದ್ದು ಆರೇ ಪೌಂಡ್. ಕೊನೆಗೆ ಕಿವಿ ಮಂದವಾಯಿತೆಂದು ವಿಲಿಯಂ ಹಾರ್ವೆ ಎಂಬ ಕಿವಿಯ ವೈದ್ಯರಲ್ಲಿಗೆ ಹೋದಾಗ, ರೋಗದ ಮೂಲ ಬೊಜ್ಜೇ ಎಂದು ಅವರು ಬ್ರೆಡ್ಡು, ಸಕ್ಕರೆ, ಆಲೂಗೆಡ್ಡೆ, ಹಾಲು, ಬೆಣ್ಣೆ, ಬಿಯರುಗಳನ್ನು ಬಿಡಿಸಿದರು. ಒಂದು ವರ್ಷದಲ್ಲಿ 46 ಪೌಂಡ್ ಇಳಿಯಿತು. ಆ ಅನುಭವವನ್ನೇ ಬ್ಯಾಂಟಿಂಗ್ ಅಚ್ಚು ಹಾಕಿಸಿ ಮೊದಲು ಪುಕ್ಕಟೆಯಾಗಿ ಹಂಚಿದ. ಆತನ ಹೆಸರೇ ಕ್ರಿಯಾಪದವಾಯಿತು. ಸ್ವೀಡನ್ನಿನ ಭಾಷೆಯಲ್ಲಿ ಇಂದಿಗೂ ಪಥ್ಯ ಮಾಡಿ ತೂಕ ಇಳಿಸುವುದಕ್ಕೆ 'ಬಾಂಟಾ' ಎಂದೇ ಹೇಳುತ್ತಾರೆ.

ಆ ಪುಸ್ತಿಕೆಯಲ್ಲಿ ಆಹಾರದ ಪಟ್ಟಿಯಷ್ಟೇ ಇರಲಿಲ್ಲ. ದಪ್ಪಗಿರುವವರು ಸಭೆಗಳಲ್ಲಿ, ಬಾಡಿಗೆ ಗಾಡಿಗಳಲ್ಲಿ, ಬೀದಿಯಲ್ಲಿ ನುಂಗಿಕೊಳ್ಳಬೇಕಾದ ಹಂಗಿಸುವಿಕೆಯ ನೋವೂ ಅಲ್ಲಿತ್ತು. ಬೊಜ್ಜು ವ್ಯಕ್ತಿಯ ತಪ್ಪೇ, ದೇಹದ ರೋಗವೇ? ಪಥ್ಯ ಸಾಕೇ, ಶಸ್ತ್ರಚಿಕಿತ್ಸೆ ಬೇಕೇ ಎಂದು ಇಂದು ನಡೆಯುವ ವಾದದ ಬೇರಿನಲ್ಲಿರುವುದೂ ಇದೇ ಪ್ರಶ್ನೆ.

ಪ್ರಶ್ನೆ ಹೊಸದಲ್ಲ. 'ಊಟ ಬಲ್ಲವನಿಗೆ ರೋಗವಿಲ್ಲ' ಎನ್ನುವ ನಮ್ಮ ಗಾದೆ ರೋಗ ಬಂದವನಿಗೆ ಊಟ ತಿಳಿಯದು ಎಂದೂ ಸೂಚಿಸುತ್ತದೆ. ಆದರೆ ಚರಕ ಸಂಹಿತೆ ಅಷ್ಟು ಸುಲಭವಾಗಿ ತೀರ್ಪು ಕೊಡುವುದಿಲ್ಲ. ಅತಿಯಾದ ಊಟ, ಸಿಹಿ ಪದಾರ್ಥ, ಹಗಲು ನಿದ್ದೆ, ವ್ಯಾಯಾಮವಿಲ್ಲದಿರುವುದು ಇವುಗಳ ಜೊತೆಗೆ 'ಬೀಜಸ್ವಭಾವ'ವನ್ನೂ, ಅಂದರೆ ಹುಟ್ಟಿನಿಂದ ಬಂದ ಗುಣವನ್ನೂ ಸ್ಥೂಲತೆಯ ಕಾರಣಗಳಲ್ಲಿ ಅದು ಎಣಿಸುತ್ತದೆ. ಅತಿ ಕೃಶ, ಅತಿ ಸ್ಥೂಲ ಇಬ್ಬರಲ್ಲಿ ಸ್ಥೂಲನ ಚಿಕಿತ್ಸೆಯೇ ಹೆಚ್ಚು ಕಷ್ಟ ಎಂದೂ ಹೇಳುತ್ತದೆ.

ಹಸಿವಿನ ಪ್ರಯೋಗ

ಆ ಕಷ್ಟ ಏನೆಂಬುದಕ್ಕೆ ಆಧುನಿಕ ವಿಜ್ಞಾನದ ಮೊದಲ ದೊಡ್ಡ ಸಾಕ್ಷ್ಯ ದೊರೆತದ್ದು ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ, ಎರಡನೆಯ ಮಹಾಯುದ್ಧದ ಕೊನೆಯ ದಿನಗಳಲ್ಲಿ. ಯುದ್ಧದಿಂದ ಬರಗೆಟ್ಟ ಜನರಿಗೆ ಮತ್ತೆ ಹೇಗೆ ಉಣಿಸಬೇಕೆಂದು ತಿಳಿಯಲು ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 1944-45ರಲ್ಲಿ 36 ತರುಣರನ್ನು ಅರೆಹೊಟ್ಟೆಯಲ್ಲಿರಿಸಿದರು. ಅವರೆಲ್ಲ ಶಸ್ತ್ರ ಹಿಡಿಯಲೊಪ್ಪದೆ ಬದಲಿ ಸೇವೆಗೆ ಬಂದ ಸ್ವಯಂಸೇವಕರು, ಮನೋಬಲದಲ್ಲಿ ಯಾರಿಗೂ ಕಡಿಮೆಯಿಲ್ಲದವರು. ಆರು ತಿಂಗಳಲ್ಲಿ ಅವರ ತೂಕದ ಕಾಲುಭಾಗ ಕರಗಿತು. ತಲೆಯಲ್ಲಿ ಅನ್ನದ ಹೊರತು ಬೇರೆ ಯೋಚನೆ ಉಳಿಯಲಿಲ್ಲ. ಕೆಲವರು ಅಡುಗೆ ಪುಸ್ತಕ ಕೂಡಿಡತೊಡಗಿದರು, ತಟ್ಟೆ ನೆಕ್ಕಿದರು. ಪ್ರಯೋಗ ಮುಗಿದು ಬೇಕಾದಷ್ಟು ಊಟ ಸಿಕ್ಕಾಗ ಹೊಟ್ಟೆ ಬಿರಿದರೂ ಹಸಿವು ತಣಿಯಲಿಲ್ಲ. ಕಳೆದುಕೊಂಡಿದ್ದಕ್ಕಿಂತ ಹೆಚ್ಚು ಕೊಬ್ಬನ್ನು ಮೈ ಕೂಡಿಸಿಕೊಂಡಿತು.

ಅವರು ತೆಳ್ಳಗಿನ ತರುಣರು, ಬೊಜ್ಜಿನ ರೋಗಿಗಳಲ್ಲ ಎಂಬುದು ನಿಜ. ಆದರೂ ಒಂದು ಸಂಗತಿ ಸ್ಪಷ್ಟವಾಯಿತು. ಇಳಿದ ತೂಕವನ್ನು ದೇಹ ನಷ್ಟವೆಂದೇ ಎಣಿಸುತ್ತದೆ, ಅದನ್ನು ತುಂಬಿಕೊಳ್ಳುವವರೆಗೆ ಸುಮ್ಮನಿರುವುದಿಲ್ಲ.

ಕರುಳಿಗೆ ಅಡ್ಡದಾರಿ

ಶಸ್ತ್ರಚಿಕಿತ್ಸೆಯ ಕಥೆ ಆರಂಭವಾಗುವುದೂ ಅದೇ ವಿಶ್ವವಿದ್ಯಾಲಯದಲ್ಲಿ. ಕ್ರೆಮೆನ್, ಲಿನ್ನರ್ ಮತ್ತು ನೆಲ್ಸನ್ ಎಂಬ ವೈದ್ಯರು ನಾಯಿಗಳ ಸಣ್ಣ ಕರುಳಿನ ಮೇಲೆ ನಡೆಸಿದ ಪ್ರಯೋಗಗಳನ್ನು 1954ರಲ್ಲಿ ಪ್ರಕಟಿಸಿದರು. ಕರುಳಿನ ಬಹುಭಾಗವನ್ನು ತಪ್ಪಿಸಿ ಆಹಾರ ಸಾಗುವಂತೆ ಮಾಡಿದರೆ ತಿಂದದ್ದು ಮೈಗೆ ಹತ್ತುವುದಿಲ್ಲ ಎಂಬ ಸರಳ ಲೆಕ್ಕ ಅದರಿಂದ ಹುಟ್ಟಿತು. ಹಲವು ಮೀಟರ್ ಉದ್ದದ ಸಣ್ಣ ಕರುಳಿನಲ್ಲಿ ಸುಮಾರು ಅರ್ಧ ಮೀಟರನ್ನಷ್ಟೇ ಆಹಾರದ ಹಾದಿಯಲ್ಲಿ ಉಳಿಸುವ ಈ ಶಸ್ತ್ರಕ್ರಿಯೆ ಮುಂದಿನ ಎರಡು ದಶಕಗಳಲ್ಲಿ ಸಾವಿರಾರು ಜನರಿಗೆ ನಡೆಯಿತು. ತೂಕವೇನೋ ಇಳಿಯಿತು. ಆದರೆ ನಿಲ್ಲದ ಭೇದಿ, ಮೂತ್ರಪಿಂಡದ ಕಲ್ಲು, ಪೋಷಕಾಂಶಗಳ ಕೊರತೆ ಬೆನ್ನು ಹತ್ತಿದವು. ಕೆಲವರ ಯಕೃತ್ತು ಕೆಟ್ಟು ಪ್ರಾಣವೇ ಹೋಯಿತು. ಅನೇಕರಿಗೆ ಮತ್ತೊಮ್ಮೆ ಹೊಟ್ಟೆ ತೆರೆದು ಕರುಳನ್ನು ಮೊದಲಿನಂತೆ ಜೋಡಿಸಬೇಕಾಯಿತು. ಕೊನೆಗೆ ವೈದ್ಯರು ಅದನ್ನು ಕೈಬಿಟ್ಟರು. ಬೊಜ್ಜಿನ ಶಸ್ತ್ರಕ್ರಿಯೆ ಎಂದರೆ ಜನ ಇನ್ನೂ ಬೆದರುವುದರ ಹಿಂದೆ ಆ ಕಾಲದ ನೆನಪಿದೆ.

ಬೇರೆ ದಾರಿ ತೋರಿಸಿದವರು ಅಯೋವ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್. ಹುಣ್ಣಿಗಾಗಿ ಜಠರದ ಭಾಗವನ್ನು ತೆಗೆಸಿಕೊಂಡವರು ಮತ್ತೆ ದಪ್ಪಗಾಗುವುದು ಕಷ್ಟವೆಂಬುದನ್ನು ಅವರು ಗಮನಿಸಿದ್ದರು. 1966ರಲ್ಲಿ ಅವರು ಜಠರದ ಮೇಲ್ಭಾಗದಲ್ಲಿ ಪುಟ್ಟ ಚೀಲವೊಂದನ್ನು ಬೇರ್ಪಡಿಸಿ ನೇರವಾಗಿ ಕರುಳಿಗೆ ಜೋಡಿಸಿದರು. ಇದೇ 'ಗ್ಯಾಸ್ಟ್ರಿಕ್ ಬೈಪಾಸ್'. 1990ರ ದಶಕದಲ್ಲಿ ಸಣ್ಣ ರಂಧ್ರಗಳ ಮೂಲಕವೇ ಶಸ್ತ್ರಕ್ರಿಯೆ ನಡೆಸುವ ಲ್ಯಾಪರೊಸ್ಕೋಪಿ ಬಂದ ಮೇಲೆ ಅಪಾಯ ಬಹಳ ತಗ್ಗಿತು. ಜಠರವನ್ನು ಉದ್ದಕ್ಕೆ ಕತ್ತರಿಸಿ ಕೊಳವೆಯಂತೆ ಉಳಿಸುವ ವಿಧಾನ ಇಂದು ಹೆಚ್ಚು ಬಳಕೆಯಲ್ಲಿದೆ.

ಚೀಲ ಚಿಕ್ಕದಾದ್ದರಿಂದ ಊಟ ಕಡಿಮೆಯಾಗುತ್ತದೆ ಎಂದು ಬಹುಕಾಲ ನಂಬಲಾಗಿತ್ತು. ಅದು ಅರ್ಧ ಸತ್ಯ. 1999ರಲ್ಲಿ ಜಪಾನಿನ ವಿಜ್ಞಾನಿಗಳು ಜಠರದಲ್ಲಿ ಹುಟ್ಟುವ 'ಘ್ರೆಲಿನ್' ಎಂಬ ಹಾರ್ಮೋನನ್ನು ಪತ್ತೆಹಚ್ಚಿದರು. ಅದು ಹಸಿವು ಕೆರಳಿಸುವಂಥದು. ಪಥ್ಯದಿಂದ ತೂಕ ಇಳಿಸಿಕೊಂಡವರ ರಕ್ತದಲ್ಲಿ ಅದು ಏರುತ್ತದೆ ಎಂದು 2002ರಲ್ಲಿ ತಿಳಿದುಬಂದಿತು. ಪಥ್ಯ ಮುಗಿದು ಒಂದು ವರ್ಷವಾದರೂ ಹಸಿವಿನ ಹಾರ್ಮೋನುಗಳು ಮೊದಲಿನ ಸ್ಥಿತಿಗೆ ಮರಳಿರಲಿಲ್ಲ ಎಂಬುದನ್ನು ಆಸ್ಟ್ರೇಲಿಯದ ಅಧ್ಯಯನವೊಂದು 2011ರಲ್ಲಿ ತೋರಿಸಿತು. ಬೈಪಾಸ್ ಆದವರಲ್ಲಿ ಆಹಾರ ಬೇಗನೆ ಕೆಳಕರುಳನ್ನು ತಲುಪುವುದರಿಂದ ಹೊಟ್ಟೆ ತುಂಬಿತೆಂದು ಮಿದುಳಿಗೆ ಹೇಳುವ ಹಾರ್ಮೋನುಗಳು ಹೆಚ್ಚುತ್ತವೆ. ಪಥ್ಯ ಮಾಡುವವನು ದೇಹದ ಕರೆಯೊಡನೆ ಸೆಣಸಬೇಕು. ಶಸ್ತ್ರಕ್ರಿಯೆ ಆ ಕರೆಯನ್ನೇ ಮೆತ್ತಗಾಗಿಸುತ್ತದೆ.

ಸ್ವೀಡನ್ನಿನ ಲೆಕ್ಕ

ಎರಡು ಹಾದಿಗಳನ್ನು ಬಹುಕಾಲ ಅಕ್ಕಪಕ್ಕದಲ್ಲಿಟ್ಟು ನೋಡಿದ್ದು 'ಬಾಂಟಾ' ಎಂಬ ಪದವನ್ನು ಇಂದಿಗೂ ಉಳಿಸಿಕೊಂಡಿರುವ ಸ್ವೀಡನ್. 1987ರಲ್ಲಿ ಆರಂಭವಾದ ಅಲ್ಲಿನ ಅಧ್ಯಯನದಲ್ಲಿ ಶಸ್ತ್ರಕ್ರಿಯೆ ಮಾಡಿಸಿಕೊಂಡ 2,010 ಮಂದಿಯನ್ನು, ಸಾಮಾನ್ಯ ಚಿಕಿತ್ಸೆ ಪಡೆದ 2,037 ಮಂದಿಯೊಡನೆ ಹೋಲಿಸಲಾಯಿತು. ಹತ್ತು ವರ್ಷಗಳ ನಂತರ ಸಾಮಾನ್ಯ ಚಿಕಿತ್ಸೆಯವರ ತೂಕ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಬೈಪಾಸ್ ಆದವರ ತೂಕ ಶೇ. 25ರಷ್ಟು ಇಳಿದಿತ್ತು. ಶಸ್ತ್ರಕ್ರಿಯೆಯವರ ಆಯುಷ್ಯ ಸುಮಾರು ಮೂರು ವರ್ಷ ಹೆಚ್ಚೆಂದು 2020ರ ವರದಿ ಹೇಳಿತು. ಆದರೂ ಸಾಮಾನ್ಯ ಜನರಿಗಿಂತ ಅದು ಐದೂವರೆ ವರ್ಷ ಕಡಿಮೆಯೇ. ಚೀಟಿ ಎತ್ತಿ ಗುಂಪು ಹಂಚಿದ ಅಧ್ಯಯನ ಇದಲ್ಲ, ಆಯ್ಕೆ ರೋಗಿಗಳದೇ ಆಗಿತ್ತು ಎಂಬುದನ್ನೂ ಮರೆಯಬಾರದು.

ಹಾಗೆಂದು ಪಥ್ಯ, ವ್ಯಾಯಾಮ ಸೋತವೆಂದಲ್ಲ. ಮಧುಮೇಹದ ಅಂಚಿನಲ್ಲಿದ್ದ 3,234 ಮಂದಿಯ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನದ ಫಲಿತಾಂಶ 2002ರಲ್ಲಿ ಬಂದಿತು. ವಾರಕ್ಕೆ 150 ನಿಮಿಷದ ನಡಿಗೆ, ಶೇ. 7ರಷ್ಟು ತೂಕ ಇಳಿಸುವ ಗುರಿ, ಇಷ್ಟರಿಂದಲೇ ಮಧುಮೇಹದ ಸಾಧ್ಯತೆ ಶೇ. 58ರಷ್ಟು ತಗ್ಗಿತ್ತು. ಚೆನ್ನೈನ ವೈದ್ಯರು ಭಾರತೀಯರಲ್ಲಿ ನಡೆಸಿ 2006ರಲ್ಲಿ ಪ್ರಕಟಿಸಿದ ಇಂಥದೇ ಅಧ್ಯಯನದಲ್ಲಿ ಶೇ. 28.5ರಷ್ಟು ತಗ್ಗಿತು. ಅಂದರೆ ತೂಕ ಅಷ್ಟೇನೂ ಇಳಿಯದಿದ್ದರೂ ನಡಿಗೆ ಮತ್ತು ಮಿತಾಹಾರ ರೋಗವನ್ನು ದೂರವಿಡಬಲ್ಲವು. ಅವುಗಳ ಕೈ ಸೋಲುವುದು ಬೊಜ್ಜು ಮಿತಿಮೀರಿ ಬೇರೂರಿದಾಗ.

ಶಸ್ತ್ರಕ್ರಿಯೆ ಯಾರಿಗೆ ಎಂಬುದಕ್ಕೆ 1991ರಲ್ಲಿ ಅಮೆರಿಕದ ತಜ್ಞರು ಕಟ್ಟುನಿಟ್ಟಿನ ಗೆರೆ ಎಳೆದಿದ್ದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ 40 ದಾಟಿರಬೇಕು. ಬೇರೆ ಗಂಭೀರ ಕಾಯಿಲೆಯಿದ್ದರೆ 35. ಕಾಯಿಲೆ ಇರಲಿ, ಇಲ್ಲದಿರಲಿ 35 ಆದರೆ ಸಾಕೆಂದು 2022ರಲ್ಲಿ ಅದನ್ನು ಸಡಿಲಿಸಲಾಯಿತು. ಕಡಿಮೆ ತೂಕದಲ್ಲೇ ಮಧುಮೇಹಕ್ಕೆ ತುತ್ತಾಗುವ ಏಷ್ಯದವರಿಗೆ 27.5ರಿಂದಲೇ ಯೋಚಿಸಬಹುದೆಂದೂ ಆಗ ಹೇಳಲಾಯಿತು. ಈ ನಡುವೆ ಕರುಳಿನ ಹಾರ್ಮೋನನ್ನೇ ಅನುಕರಿಸುವ ಚುಚ್ಚುಮದ್ದುಗಳೂ ಬಂದಿವೆ. ಅವನ್ನು ನಿಲ್ಲಿಸಿದರೆ ತೂಕ ಮರಳುವುದೇ ಹೆಚ್ಚು.

ಇನ್ನು ಶಸ್ತ್ರಕ್ರಿಯೆ ಪಥ್ಯದಿಂದ ಬಿಡುಗಡೆ ಕೊಡುತ್ತದೆಯೇ? ಇಲ್ಲ. ಆ ಬಳಿಕ ತುಸುತುಸುವೇ ಉಣ್ಣಬೇಕು, ಚೆನ್ನಾಗಿ ಅಗಿಯಬೇಕು, ಸಿಹಿಯಿಂದ ದೂರವಿರಬೇಕು, ಬದುಕಿರುವಷ್ಟು ಕಾಲವೂ ವಿಟಮಿನ್ ಮಾತ್ರೆ ನುಂಗಬೇಕು. ಮೈಮರೆತರೆ ತೂಕ ಮರಳಿ ಏರುವುದೂ ಉಂಟು. ಹಾಗಾಗಿ ಶಸ್ತ್ರ ಪಥ್ಯದ ಎದುರಾಳಿಯಲ್ಲ. ಕೆಲವರಿಗೆ ಪಥ್ಯ ಮಾಡುವುದನ್ನು ಸಾಧ್ಯವಾಗಿಸುವ ಊರುಗೋಲು.

ಬ್ಯಾಂಟಿಂಗ್ ಪಥ್ಯದಿಂದಲೇ ಗೆದ್ದು 81 ವರ್ಷ ಬಾಳಿ 1878ರಲ್ಲಿ ತೀರಿಕೊಂಡ. ಅದೇ ಪಥ್ಯ ಮಾಡಿ ಸೋತ ಅಸಂಖ್ಯರು ಪುಸ್ತಿಕೆ ಬರೆಯಲಿಲ್ಲ. ಅವರ ಸೋಲು ನಾಲಿಗೆಯ ಚಪಲವಷ್ಟೇ ಆಗಿರಲಿಲ್ಲ, ದೇಹದ ಮೊಂಡು ಹಟವೂ ಆಗಿತ್ತು ಎಂಬುದು ತಿಳಿಯಲು ಒಂದು ಶತಮಾನ ಬೇಕಾಯಿತು. ಹಾದಿ ಯಾವುದೇ ಇರಲಿ, ಹಂಗಿಸುವುದರಿಂದ ಮಾತ್ರ ಯಾರ ಬೊಜ್ಜೂ ಕರಗಿಲ್ಲ.