ಸರ್ವಾಧಿಕಾರಿ ಆಡಳಿತಗಳಲ್ಲಿ ಮಕ್ಕಳ ಸಿದ್ಧಾಂತಬೋಧನೆ

ಸರ್ವಾಧಿಕಾರಿ ಆಡಳಿತವು ಶಾಲೆ ಹಾಗೂ ಬಾಲಸಂಘಟನೆಗಳ ಮೂಲಕ ತನ್ನ ಸಿದ್ಧಾಂತವನ್ನು ಮಕ್ಕಳ ಮನಸ್ಸಿನಲ್ಲಿ ಪ್ರಶ್ನಾತೀತವಾಗಿ ನೆಲೆಗೊಳಿಸುವ ಕ್ರಮವನ್ನು ಸಿದ್ಧಾಂತಬೋಧನೆ ಎನ್ನುತ್ತಾರೆ. ಪ್ರಭುತ್ವವನ್ನು ಹೊಗಳುವ ಪಾಠಗಳು ಪ್ರಜಾಪ್ರಭುತ್ವಗಳಲ್ಲಿಯೂ ಉಂಟು. ಬೇರೆ ಅಭಿಪ್ರಾಯವನ್ನು ಮಗು ಎಲ್ಲಿಯೂ, ಮನೆಯಲ್ಲಿಯೂ ಸಹ, ಕೇಳದಂತೆ ಮಾಡುವುದು ಸರ್ವಾಧಿಕಾರದ ವಿಶೇಷ. ಇಟಲಿ, ಜರ್ಮನಿ ಮತ್ತು ಸೋವಿಯತ್ ಒಕ್ಕೂಟಗಳು ಇದರ ಪ್ರಸಿದ್ಧ ನಿದರ್ಶನಗಳು. ಕರ್ನಾಟಕಕ್ಕೆ ಸಂಬಂಧವಿರುವ ಪ್ರಕರಣ ಟಿಬೆಟಿನದು. ಅಲ್ಲಿಂದ ಬಂದ ನಿರಾಶ್ರಿತರ ಒಂದು ದೊಡ್ಡ ವಸತಿ ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡ ತಾಲ್ಲೂಕಿನಲ್ಲಿದೆ.

ಯೂರೋಪಿನ ನಿದರ್ಶನಗಳು

ಇಟಲಿಯಲ್ಲಿ ಮುಸೊಲಿನಿಯ ಸರ್ಕಾರ 1926ರಲ್ಲಿ ಬಲಿಲ್ಲಾ ಎಂಬ ಬಾಲಸಂಘಟನೆಯನ್ನು ಸ್ಥಾಪಿಸಿತು. 1930ರಿಂದ ಪ್ರಾಥಮಿಕ ಶಾಲೆಗಳಿಗೆಲ್ಲ ಸರ್ಕಾರದ ಒಂದೇ ಪಠ್ಯಪುಸ್ತಕ ಬಂದಿತು. ಜರ್ಮನಿಯಲ್ಲಿ 1936ರ ಡಿಸೆಂಬರ್ 1ರ ಕಾನೂನು ಎಲ್ಲ ಮಕ್ಕಳನ್ನೂ ಹಿಟ್ಲರ್ ಯುವಸಂಘಟನೆಯ ವ್ಯಾಪ್ತಿಗೆ ತಂದಿತು. 1939ರಲ್ಲಿ 10ರಿಂದ 18 ವರ್ಷದವರಿಗೆ ಸೇವೆ ಕಡ್ಡಾಯವಾಯಿತು. ಅಂಗವಿಕಲರ ಆರೈಕೆಗೆ ತಗಲುವ ವೆಚ್ಚವನ್ನು ಲೆಕ್ಕಹಾಕಿಸುವ ಸಮಸ್ಯೆಗಳು ಗಣಿತದ ಪುಸ್ತಕಗಳಲ್ಲಿದ್ದವು. ಮಕ್ಕಳ ಮನಸ್ಸನ್ನು ಕ್ರೌರ್ಯಕ್ಕೆ ಒಗ್ಗಿಸಲು ಗಣಿತವನ್ನೂ ಬಳಸಲಾಯಿತೆಂಬುದು ಇಲ್ಲಿ ಗಮನಾರ್ಹ.

ಸೋವಿಯತ್ ಒಕ್ಕೂಟದಲ್ಲಿ 1922ರಲ್ಲಿ ಪಯೋನಿಯರ್ ಸಂಘಟನೆ ಆರಂಭವಾಯಿತು. ತಂದೆಯ ವಿರುದ್ಧ ಅಧಿಕಾರಿಗಳಿಗೆ ದೂರು ಕೊಟ್ಟನೆಂದು ಹೇಳಲಾದ, 1932ರಲ್ಲಿ ಕೊಲೆಯಾದ ಪಾವ್ಲಿಕ್ ಮೊರೊಜೋವ್ ಎಂಬ ಬಾಲಕನನ್ನು ಮಕ್ಕಳಿಗೆ ಆದರ್ಶವಾಗಿ ತೋರಿಸಲಾಗುತ್ತಿತ್ತು. ಆ ಕಥೆಯ ಸತ್ಯಾಂಶವನ್ನು ಇತಿಹಾಸಕಾರರು ಸಂಶಯಿಸಿದ್ದಾರೆ.

ಇಂತಹ ಬೋಧನೆ ಎಲ್ಲರ ಮೇಲೂ ಫಲಿಸಲಿಲ್ಲ. ನಾಜಿ ಆಡಳಿತವನ್ನು ವಿರೋಧಿಸಿ ಕರಪತ್ರ ಹಂಚಿದ್ದಕ್ಕಾಗಿ 1943ರಲ್ಲಿ ಮರಣದಂಡನೆಗೊಳಗಾದ ಹಾನ್ಸ್ ಶೋಲ್ ಬಾಲ್ಯದಲ್ಲಿ ಹಿಟ್ಲರ್ ಯುವಸಂಘಟನೆಯ ಉತ್ಸಾಹಿ ಸದಸ್ಯನಾಗಿದ್ದನು.

ಟಿಬೆಟ್

ಚೀನಾದ ಬಾಲಸಂಘಟನೆಯಾದ ಯಂಗ್ ಪಯೋನಿಯರ್ಸ್ 1949ರ ಅಕ್ಟೋಬರಿನಲ್ಲಿ ಸ್ಥಾಪಿತವಾಯಿತು. ಇದರ ಸದಸ್ಯರು ಸುಮಾರು 6ರಿಂದ 14 ವರ್ಷದ ಮಕ್ಕಳು; ಕೊರಳಿನ ಕೆಂಪು ವಸ್ತ್ರ ಇದರ ಗುರುತು. 1966ರಲ್ಲಿ ಆರಂಭವಾದ ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ವಿದ್ಯಾರ್ಥಿಗಳೇ ರೆಡ್ ಗಾರ್ಡ್‌ಗಳಾಗಿ ಗುರುಗಳನ್ನು ಬಹಿರಂಗವಾಗಿ ಅವಮಾನಿಸಿದರು, ದೇವಾಲಯಗಳನ್ನು ಹಾಳುಗೆಡವಿದರು. ಲ್ಹಾಸಾದ ಸಮೀಪದ ಗಾಂದೆನ್ ಮಠ ಆ ಅವಧಿಯಲ್ಲಿ ಬಹುಮಟ್ಟಿಗೆ ನೆಲಸಮವಾಯಿತು.

ಇತ್ತೀಚಿನ ಚರ್ಚೆ ವಸತಿಶಾಲೆಗಳನ್ನು ಕುರಿತದ್ದು. ಸುಮಾರು 10 ಲಕ್ಷ ಟಿಬೆಟನ್ ಮಕ್ಕಳ ಮೇಲೆ ಈ ವ್ಯವಸ್ಥೆಯ ಪರಿಣಾಮವಾಗಿದೆಯೆಂದು ವಿಶ್ವಸಂಸ್ಥೆಯ ಮೂವರು ವಿಶೇಷ ತಜ್ಞರು 2023ರ ಫೆಬ್ರವರಿಯಲ್ಲಿ ಕಳವಳ ವ್ಯಕ್ತಪಡಿಸಿದರು. ಹಳ್ಳಿಯ ಶಾಲೆಗಳು ಮುಚ್ಚಿದ್ದರಿಂದ ಮಕ್ಕಳು ಮನೆಯಿಂದ ದೂರ ಉಳಿಯಬೇಕಾಗಿದೆ, ಬೋಧನೆ ಚೀನೀ ಭಾಷೆಯಲ್ಲಿದೆ, ಮಕ್ಕಳು ತಂದೆತಾಯಿ ಹಾಗೂ ಅಜ್ಜ ಅಜ್ಜಿಯರೊಡನೆ ಟಿಬೆಟನ್ ಭಾಷೆಯಲ್ಲಿ ಸರಾಗವಾಗಿ ಮಾತನಾಡುವ ಶಕ್ತಿಯನ್ನು ಕಳೆದುಕೊಳ್ಳುತ್ತಿದ್ದಾರೆ ಎಂಬುದು ಅವರ ಆಕ್ಷೇಪ. ಚೀನಾ ಸರ್ಕಾರ ಇದನ್ನು ನಿರಾಕರಿಸಿದೆ: ಜನವಸತಿ ವಿರಳವಾಗಿರುವ ಪ್ರದೇಶಕ್ಕೆ ವಸತಿಶಾಲೆ ಅಗತ್ಯ, ಸೇರುವುದು ಐಚ್ಛಿಕ ಎಂಬುದು ಅದರ ವಾದ. 2021ರಿಂದ ಚೀನಾದ ಶಾಲೆಗಳಲ್ಲಿ ಷಿ ಜಿನ್‌ಪಿಂಗ್ ಚಿಂತನೆಯೂ ಪಠ್ಯವಿಷಯವಾಗಿದೆ.

ಮುಂಡಗೋಡದ ಶಾಲೆಗಳು

ದಲೈ ಲಾಮಾ 1959ರಲ್ಲಿ ಭಾರತಕ್ಕೆ ಬಂದ ಮೇಲೆ, ನಿರಾಶ್ರಿತರ ಮಕ್ಕಳಿಗಾಗಿ ಭಾರತ ಸರ್ಕಾರ 1961ರಲ್ಲಿ ಕೇಂದ್ರೀಯ ಟಿಬೆಟನ್ ಶಾಲಾ ಆಡಳಿತವನ್ನು ರಚಿಸಿತು. ಮುಂಡಗೋಡದ ಡೋಗುಲಿಂಗ್ ವಸತಿ 1966ರಲ್ಲಿ ಆರಂಭವಾಯಿತು. ಇಲ್ಲಿನ ಊರುಗಳನ್ನು ಇಂದಿಗೂ ಕ್ಯಾಂಪ್ ಸಂಖ್ಯೆಗಳಿಂದಲೇ ಕರೆಯುತ್ತಾರೆ. ಲ್ಹಾಸಾ ಪ್ರದೇಶದ ಡ್ರೆಪುಂಗ್ ಮತ್ತು ಗಾಂದೆನ್ ಮಠಗಳು ಇಲ್ಲಿ ಮರುಸ್ಥಾಪನೆಗೊಂಡಿವೆ.

ಇಲ್ಲಿಯ ಶಾಲೆಗಳೂ ಒಂದು ನಿಷ್ಠೆಯನ್ನು ಕಲಿಸುತ್ತವೆ. ದಲೈ ಲಾಮಾರ ಬಗೆಗಿನ ಭಕ್ತಿ, ಟಿಬೆಟನ್ ಪ್ರಾರ್ಥನೆ, 1959ರ ದಂಗೆಯ ನೆನಪಿನ ಮಾರ್ಚ್ 10ರ ಆಚರಣೆ ಅಲ್ಲಿನ ಮಕ್ಕಳ ಬಾಲ್ಯದ ಭಾಗ. ಹಾಗಿದ್ದರೆ ಎರಡಕ್ಕೂ ಏನು ಭೇದ ಎಂಬ ಪ್ರಶ್ನೆ ಸಹಜವಾದದ್ದೇ. ಮುಂಡಗೋಡದ ಮಗು ಭಾರತದ ಕೇಂದ್ರೀಯ ಪಠ್ಯಕ್ರಮವನ್ನೂ ಓದುತ್ತದೆ. ತಂದೆತಾಯಿ ಬೇರೆ ಶಾಲೆಗೆ ಸೇರಿಸಿದರೆ ಶಿಕ್ಷೆಯಿಲ್ಲ. ಧರ್ಮಶಾಲೆಯ ದೇಶಭ್ರಷ್ಟ ಸರ್ಕಾರವನ್ನು ಟೀಕಿಸುವ ಬರಹಗಳೂ ಅದಕ್ಕೆ ದೊರೆಯುತ್ತವೆ. ಮನೆಯ ಮಾತು ಹಾಗೂ ಶಾಲೆಯ ಮಾತು ಇಲ್ಲಿ ಪರಸ್ಪರ ಶತ್ರುಗಳಲ್ಲ.

ಒಂದು ವೈಪರೀತ್ಯವನ್ನೂ ಹೇಳಬೇಕು. 1980ರ ದಶಕದಿಂದ ಟಿಬೆಟಿನ ಅನೇಕ ತಂದೆತಾಯಿಗಳು ತಮ್ಮ ಭಾಷೆಯ ಶಿಕ್ಷಣಕ್ಕಾಗಿ ಮಕ್ಕಳನ್ನು ಹಿಮಾಲಯ ದಾಟಿಸಿ ಭಾರತದ ಟಿಬೆಟನ್ ಶಾಲೆಗಳಿಗೂ ಮಠಗಳಿಗೂ ಕಳುಹಿಸಿದರು. ಆ ಮಕ್ಕಳಲ್ಲಿ ಹಲವರು ಹೆತ್ತವರನ್ನು ಮತ್ತೆ ಕಾಣಲಿಲ್ಲ. 2008ರ ನಂತರ ಗಡಿ ಬಿಗಿಯಾಗಿ ಇಂತಹ ವಲಸೆ ತೀರ ಕಡಿಮೆಯಾಯಿತು. ಈಗ ಮುಂಡಗೋಡದ ಶಾಲೆಗಳಲ್ಲಿ ಓದುವ ಹೆಚ್ಚಿನ ಮಕ್ಕಳು ಭಾರತದಲ್ಲಿಯೇ ಹುಟ್ಟಿದವರು.