ಕಂದು ಹಲ್ಲಿನ ಹಿಂದಿನ ಕೊಳವೆಬಾವಿ

ಶಾಲೆಯ ಉಚಿತ ದಂತ ತಪಾಸಣಾ ಶಿಬಿರದ ಫೋಟೊ ಕಳಿಸದ ಬಿಡಿ ಸುದ್ದಿಗಾರರು ನಮ್ಮ ಜಿಲ್ಲೆಯಲ್ಲಿ ಇರಲಾರರು. ನಾವೂ ಕಳಿಸಿದ್ದೇವೆ. ಮಕ್ಕಳು ಹೊಸ ಬ್ರಷ್ ಎತ್ತಿ ಹಿಡಿದು ಸಾಲಾಗಿ ನಿಂತಿರುತ್ತಾರೆ, ಪಕ್ಕದಲ್ಲಿ ಗಣ್ಯರು. ‘ದಿನಕ್ಕೆರಡು ಬಾರಿ ಹಲ್ಲುಜ್ಜಿ’ ಎನ್ನುವುದು ಶೀರ್ಷಿಕೆ. ಎಷ್ಟು ನಗಿ ಎಂದರೂ ತುಟಿ ಬಿಚ್ಚದ ಒಂದಿಬ್ಬರು ಆ ಸಾಲಿನಲ್ಲಿ ಇದ್ದೇ ಇರುತ್ತಾರೆ. ಅವರ ಮುಂದಿನ ಹಲ್ಲಿನ ಮೇಲೆ ಸುಣ್ಣದಂಥ ಬಿಳಿ ಗೆರೆ, ಕಂದು ಮಚ್ಚೆ. ‘ಸರಿಯಾಗಿ ಉಜ್ಜಲ್ವೇನೋ?’ ಎಂದು ಬೈಸಿಕೊಂಡು ಅವರಿಗೆ ಅಭ್ಯಾಸವಾಗಿದೆ. ಅದೇ ಮನೆಯಲ್ಲಿ ಬ್ರಷ್ಷನ್ನೇ ಮುಟ್ಟದ ಅಜ್ಜಿ ಕಬ್ಬು ಸಿಗಿದು ತಿನ್ನುತ್ತಾರೆ.

ಈ ಒಗಟಿಗೆ ಉತ್ತರ ಬಚ್ಚಲಿನಲ್ಲಿ ಸಿಗುವುದಿಲ್ಲ. ಊರಿನ ನೀರಿನ ಚರಿತ್ರೆಯಲ್ಲಿ ಹುಡುಕಬೇಕು.

ಮೊದಲು ಅಜ್ಜಿಯ ಕಾಲದ ಹಲ್ಲುಜ್ಜುವಿಕೆ. ಹೊಂಗೆ ಅಥವಾ ಬೇವಿನ ಕಡ್ಡಿ ಮುರಿದು, ತುದಿ ಜಗಿದು ಕುಂಚ ಮಾಡಿ ಉಜ್ಜುವುದು, ಆಮೇಲೆ ಅದನ್ನೇ ಸೀಳಿ ನಾಲಿಗೆ ಕೆರೆದು ಎಸೆಯುವುದು. ಕಡ್ಡಿ ಇಲ್ಲದ ದಿನ ಒಲೆಯ ಇದ್ದಿಲು, ಬೂದಿ, ಉಪ್ಪು. ನಂಜನಗೂಡಿನಲ್ಲಿ 1913ರಲ್ಲಿ ಬಿ.ವಿ. ಪಂಡಿತರು ಸದ್ವೈದ್ಯಶಾಲೆ ಶುರು ಮಾಡಿದರು. ಅಲ್ಲಿಯ ಹಲ್ಲುಪುಡಿಯ ಪೊಟ್ಟಣ ಹಳೆ ಮೈಸೂರಿನ ಊರೂರಿನ ಅಂಗಡಿಗೂ ಬಂತು, ತೋರುಬೆರಳೇ ಬ್ರಷ್ ಆಯಿತು. ಪೇಸ್ಟು ಹಳ್ಳಿ ಮನೆಗಳಿಗೆ ಕಾಲಿಟ್ಟಿದ್ದು ಬಹಳ ತಡವಾಗಿ.

ಹಾಗಂತ ಆ ಕಾಲವನ್ನು ಹೊಗಳಿ ಅಟ್ಟಕ್ಕೇರಿಸುವ ಆಸೆ ನಮಗಿಲ್ಲ. ಇದ್ದಿಲು, ಇಟ್ಟಿಗೆ ಪುಡಿ ಹಲ್ಲಿನ ಮೇಲ್ಪದರವನ್ನು ಸವೆಸುತ್ತಿದ್ದವು. ಎಲೆ ಅಡಿಕೆ ಜೊತೆಗಿನ ಕಡ್ಡಿಪುಡಿ ವಸಡು ತಿನ್ನುತ್ತಿತ್ತು, ಈಗಲೂ ತಿನ್ನುತ್ತಿದೆ. ಹೊಗೆಸೊಪ್ಪು ಬೆರೆಸಿದ ಹಲ್ಲುಪುಡಿಯನ್ನು ಕೇಂದ್ರ ಸರ್ಕಾರ ನಿಷೇಧಿಸಿದ್ದೇ 1992ರಲ್ಲಿ. ಐವತ್ತಕ್ಕೆ ಬೊಚ್ಚು ಬಾಯಿ ಆದವರು ಆಗಲೂ ಬೇಕಾದಷ್ಟಿದ್ದರು. ಆದರೆ ಮೂಡುವಾಗಲೇ ಮಚ್ಚೆ ಹೊತ್ತು ಬರುವ ಹಲ್ಲು ನಮ್ಮ ಕಡೆಯ ಹಳಬರ ಬಾಯಲ್ಲಿ ಅಷ್ಟಾಗಿ ಕಾಣುವುದಿಲ್ಲ.

ಈಗ ನೀರಿನ ಕಡೆ ಬರೋಣ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ, ಈ ನಾಲ್ಕು ತಾಲ್ಲೂಕಿಗೂ ವರ್ಷಪೂರ್ತಿ ಹರಿಯುವ ನದಿಯಿಲ್ಲ. ಅರ್ಕಾವತಿ, ದಕ್ಷಿಣ ಪಿನಾಕಿನಿ ಎರಡೂ ನಂದಿ ಬೆಟ್ಟದ ಕಡೆಯಿಂದ ಹೊರಟು ಮಳೆ ಬಂದಾಗ ಹರಿಯುವಂಥವು. ಹೀಗಾಗಿ ಕುಡಿಯುತ್ತಿದ್ದುದು ಕೆರೆ, ಕಲ್ಯಾಣಿ, ಸೇದೋ ಬಾವಿಯ ನೀರು, ಅಂದರೆ ಆ ವರ್ಷವೋ ಹಿಂದಿನ ವರ್ಷವೋ ಬಿದ್ದ ಮಳೆ. ಅದೇನೂ ಅಮೃತವಲ್ಲ. ರಾಜ್ಯದ ಎಷ್ಟೋ ಕಡೆ ಮೆಟ್ಟಿಲು ಬಾವಿಗೆ ಇಳಿದವರ ಕಾಲಿನಿಂದ ನಾರುಹುಣ್ಣು ಹರಡಿತು. ಅದನ್ನು ನಿರ್ಮೂಲ ಮಾಡುವ ರಾಷ್ಟ್ರೀಯ ಕಾರ್ಯಕ್ರಮ 1983-84ರಲ್ಲಿ ಆರಂಭವಾಗಿ, 2000ದಲ್ಲಿ ಭಾರತ ಆ ರೋಗದಿಂದ ಮುಕ್ತ ಎಂದು ಘೋಷಣೆಯಾಯಿತು. ತೆರೆದ ನೀರು ಬಿಟ್ಟು ಬೋರ್‌ವೆಲ್ ಕೈಪಂಪಿಗೆ ಬಂದದ್ದು ಆಗ ಸರಿಯಾದ ತೀರ್ಮಾನವೇ ಆಗಿತ್ತು. ಎಷ್ಟು ಮಕ್ಕಳನ್ನು ವಾಂತಿಭೇದಿಯಿಂದ ಅದು ಉಳಿಸಿರಬೇಕು.

ಕೆಟ್ಟದ್ದು ಆಮೇಲೆ. ಕೈಪಂಪಿನ ಜಾಗಕ್ಕೆ ಮೋಟಾರು ಬಂತು. ದ್ರಾಕ್ಷಿ, ಹಿಪ್ಪುನೇರಳೆ, ತರಕಾರಿ, ನೀಲಗಿರಿ ತೋಪು, ಮೇಲೆ ಬೆಂಗಳೂರಿನ ಬಾಯಾರಿಕೆ. ಇನ್ನೂರು ಅಡಿಗೆ ಸಿಗುತ್ತಿದ್ದ ನೀರು ಸಾವಿರ ಅಡಿ ದಾಟಿತು. ಬೋರ್ ಬತ್ತಿದ ಸುದ್ದಿ ನಾವು ಪ್ರತಿ ಬೇಸಿಗೆ ಬರೆದೆವು, ಹೊಸ ಬೋರಿನಲ್ಲಿ ಬಂದ ನೀರು ಎಂಥದ್ದು ಎಂದು ಬರೆಯಲಿಲ್ಲ. ನಮ್ಮ ಕಾಲಡಿ ಇರುವುದು ಗ್ರಾನೈಟ್ ಮತ್ತು ನೈಸ್ ಬಂಡೆ. ಅದರ ಬಿರುಕಿನಲ್ಲಿ ಬಹುಕಾಲ ನಿಂತ ನೀರು ಕಲ್ಲಿನೊಳಗಿನ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಫ್ಲೋರೈಡ್ ಮಿತಿ ಮೀರಿದ ಜಿಲ್ಲೆಗಳ ಬಗ್ಗೆ ಕೇಂದ್ರ ಅಂತರ್ಜಲ ಮಂಡಳಿ ಕೊಡುವ ಪಟ್ಟಿಯಲ್ಲಿ ಬೆಂಗಳೂರು ಗ್ರಾಮಾಂತರದ ಹೆಸರೂ ಇದೆ.

ಇದೇ ಕಥೆ ಅಮೆರಿಕದಲ್ಲಿ ನೂರು ವರ್ಷದ ಹಿಂದೆಯೇ ನಡೆದಿತ್ತು. ಕೊಲೊರಾಡೊ ಸ್ಪ್ರಿಂಗ್ಸ್ ಊರಿಗೆ 1901ರಲ್ಲಿ ಬಂದ ಫ್ರೆಡರಿಕ್ ಮೆಕೇ ಎಂಬ ದಂತವೈದ್ಯ ಅಲ್ಲಿಯ ಮಕ್ಕಳ ಕಂದು ಹಲ್ಲು ಕಂಡು ಬೆರಗಾದ. ಜನ ಹಂದಿ ಮಾಂಸ, ಕೆಟ್ಟ ಹಾಲು ಎಂದೆಲ್ಲ ದೂರುತ್ತಿದ್ದರು. 1923ರಲ್ಲಿ ಐಡಹೊ ರಾಜ್ಯದ ಓಕ್ಲಿ ಊರಿನ ತಾಯ್ತಂದೆಯರು, ದೂರದ ಬಿಸಿನೀರ ಬುಗ್ಗೆಯಿಂದ ಪೈಪ್ ಎಳೆದ ಮೇಲೆ ಹೀಗಾಯಿತು ಎಂದರು. ಪೈಪ್ ಬಿಟ್ಟು ಬೇರೆ ಬುಗ್ಗೆಯ ನೀರು ಕುಡಿಸಿ ಎಂದ ಮೆಕೇ. ಕೆಲವೇ ವರ್ಷಗಳಲ್ಲಿ ಚಿಕ್ಕ ಮಕ್ಕಳಿಗೆ ಬಂದ ಹೊಸ ಹಲ್ಲು ಬೆಳ್ಳಗಿದ್ದವು. ನೀರಿನಲ್ಲಿದ್ದದ್ದು ಫ್ಲೋರೈಡ್ ಎಂದು 1931ರಲ್ಲಿ ಗೊತ್ತಾಯಿತು. 1937ರಲ್ಲಿ ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ ಫ್ಲೋರೋಸಿಸ್ ಇರುವ ವರದಿ ಪ್ರಕಟವಾಯಿತು. ನಮ್ಮೂರಿಗೆ ಬೋರ್ ಲಾರಿ ಬರುವ ಹೊತ್ತಿಗೆ ಇದು ಹಳೇ ವಿಷಯ.

ಈ ಮಚ್ಚೆ ಹುಳುಕಲ್ಲ, ಕೊಳೆಯೂ ಅಲ್ಲ. ಮಗುವಿಗೆ ಎಂಟು ವರ್ಷವಾಗುವ ತನಕ ಶಾಶ್ವತ ಹಲ್ಲುಗಳು ವಸಡಿನೊಳಗೆ ರೂಪುಗೊಳ್ಳುತ್ತಿರುತ್ತವೆ. ಕಲೆ ಬೀಳುವುದು ಆಗ. ಹೊರಗೆ ಬಂದ ಮೇಲೆ ಉಪ್ಪು, ನಿಂಬೆಹಣ್ಣು, ಇದ್ದಿಲು ಹಾಕಿ ತಿಕ್ಕಿದರೆ ಹಲ್ಲು ಸವೆದೀತೇ ಹೊರತು ಕಲೆ ಹೋಗದು. ದಂತವೈದ್ಯರು ಅದನ್ನು ಮರೆಮಾಚಬಲ್ಲರು, ದುಡ್ಡಿದ್ದವರಿಗೆ. ಲೀಟರಿಗೆ 1.5 ಮಿಲಿಗ್ರಾಂ ಫ್ಲೋರೈಡ್ ನಮ್ಮ ದೇಶದ ಮಾನದಂಡದ ಕೊನೆಯ ಮಿತಿ. ನೀರು ಕಾಯಿಸಿದರೆ ಅದು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಹಾಗಿದ್ದರೆ ಫ್ಲೋರೈಡ್ ಪೇಸ್ಟ್ ಯಾಕೆ ಎಂದು ಕೇಳುವವರಿದ್ದಾರೆ. ಹಲ್ಲಿನ ಮೇಲೆ ಸವರಿ ಉಗುಳುವಷ್ಟು ಇದ್ದರೆ ಹುಳುಕು ತಡೆಯುತ್ತದೆ, ನುಂಗಿದರೆ ತೊಂದರೆ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿ ಕಾಳಷ್ಟು, ಆರರ ತನಕ ಬಟಾಣಿಯಷ್ಟು ಸಾಕು. ಜಾಹೀರಾತಿನಲ್ಲಿ ಬ್ರಷ್ಷಿನುದ್ದಕ್ಕೂ ಹಾಕುತ್ತಾರಲ್ಲ, ಅದು ಪೇಸ್ಟು ಬೇಗ ಖಾಲಿಯಾಗಲಿ ಅಂತ.

ಈಗ ಊರೂರಲ್ಲೂ ಶುದ್ಧ ನೀರಿನ ಘಟಕವಿದೆ. ಕಾಯಿನ್ ಹಾಕಿ ಇಪ್ಪತ್ತು ಲೀಟರ್ ಕ್ಯಾನ್ ತುಂಬಿಸಿಕೊಳ್ಳಬಹುದು, ಕೆಟ್ಟು ಬೀಗ ಬಿದ್ದಿಲ್ಲದಿದ್ದರೆ. ಆದರೆ ಕ್ಯಾನ್ ನೀರು ಲೋಟಕ್ಕೆ ಮಾತ್ರ, ಅನ್ನ ಸಾರಿಗೆ ನಲ್ಲಿಯದೇ ಎನ್ನುವ ಮನೆಗಳೇ ಹೆಚ್ಚು. ಅಡುಗೆಯಲ್ಲೂ ಫ್ಲೋರೈಡ್ ಹೊಟ್ಟೆಗೆ ಹೋಗುತ್ತದೆ. 2024ರಲ್ಲಿ ಸಕಲೇಶಪುರದ ಹತ್ತಿರ ಉದ್ಘಾಟನೆಯಾದ ಎತ್ತಿನಹೊಳೆಯ ನೀರಿನ ಮಾತು ನಮ್ಮ ಕಡೆ ಪ್ರತಿ ಚುನಾವಣೆಯಲ್ಲೂ ಕೇಳಿಬರುತ್ತದೆ. ಅದು ಬರುವವರೆಗೂ ಮಕ್ಕಳ ಹಲ್ಲು ಕಾಯುವುದಿಲ್ಲ. ಜಲ ಜೀವನ್ ಮಿಷನ್‌ನಲ್ಲಿ ಪ್ರತಿ ಹಳ್ಳಿಯ ಐವರು ಹೆಣ್ಣುಮಕ್ಕಳಿಗೆ ನೀರು ಪರೀಕ್ಷಿಸಲು ತರಬೇತಿ ಕೊಡಬೇಕೆಂದಿದೆ. ನಿಮ್ಮ ಪಂಚಾಯಿತಿಯಲ್ಲಿ ಆ ಕಿಟ್ ಎಲ್ಲಿದೆ ಎಂದು ಕೇಳಿ ನೋಡಿ.

ಈಚೆಗೆ ಮತ್ತೊಂದು ಶಿಬಿರದ ಸುದ್ದಿಗೆ ಹೋಗಿದ್ದೆವು. ಫೋಟೊ ತೆಗೆದಾದ ಮೇಲೆ ಹೆಡ್‌ಮಾಸ್ಟರನ್ನು ಕೇಳಿದೆವು: ‘ಸಾರ್, ಮಕ್ಕಳು ಕುಡಿಯೋ ನೀರು ಯಾವ ಬೋರಿಂದು? ಪರೀಕ್ಷೆ ಆಗಿದ್ದು ಯಾವಾಗ?’ ಅವರು ಕಟ್ಟಡದ ಮೇಲಿನ ಟ್ಯಾಂಕಿನ ಕಡೆ ಕೈ ತೋರಿಸಿದರು. ತಾರೀಖು ಅವರಿಗೂ ಗೊತ್ತಿರಲಿಲ್ಲ.